ಕಾಶಿಬಾಯಿ ನುಂಗಿದ ಮಾತು

ಸಂಭಾಜಿನಗರದ ಆ ಹೆಂಗಸರ ದವಾಖಾನೆಯಲ್ಲಿ ಕಾಶಿಬಾಯಿ ಹೆಸರಿಗೆ ಆಯಾ. ಆದರೆ ಬೀದರ, ಕಲಬುರಗಿ ಕಡೆಯಿಂದ ಮದುವೆಯಾಗಿ ಬಂದ, ಮರಾಠಿ ಬಾರದ ಹೆಣ್ಣುಮಕ್ಕಳಿಗೆ ಆಕೆಯೇ ಅರ್ಧ ಡಾಕ್ಟರು. ಎಲ್ಲರೂ ಕರೆಯುವುದು ಮೌಶಿ, ಅಂದರೆ ಚಿಕ್ಕಮ್ಮ, ಎಂದೇ. ಡಾಕ್ಟರ್ ಶರ್ಮಿಳಾ ಮರಾಠಿಯಲ್ಲಿ ಹೇಳಿದ್ದನ್ನು ಈಕೆ ಕನ್ನಡದಲ್ಲಿ ಹೇಳುವಳು, ಹೇಳುವಾಗ ಮುಳ್ಳೆಲ್ಲ ತೆಗೆದುಬಿಡುವಳು. “ಇಷ್ಟು ತಡ ಮಾಡುತ್ತಾರಾ, ಬುದ್ಧಿ ಇಲ್ಲವಾ?” ಎಂದು ಡಾಕ್ಟರು ರೇಗಿದರೆ, ಮೌಶಿಯ ಬಾಯಲ್ಲಿ ಅದು “ಬಂದೀಯಲ್ಲ ಮಗಳ, ಇನ್ನ ಚಿಂತಿ ಬಿಡು” ಆಗುತ್ತಿತ್ತು. ಹೊಗಳದವರಿಲ್ಲ. ದವಾಖಾನೆಯ ನಾವೆಲ್ಲ ಹೊಗಳಿ ಹೊಗಳಿಯೇ ಆಕೆಯನ್ನು ಕೆಡಿಸಿದೆವು ಅಂತ ನನಗೆ ಈಗ ಅನಿಸುತ್ತದೆ.

ಹೋದ ಬೇಸಿಗೆಯಲ್ಲಿ ರೂಪಾ ಬಂದಳು. ಸೇಡಂ ಕಡೆಯ ಹುಡುಗಿ, ಬಟ್ಟೆ ವ್ಯಾಪಾರಿ ಮನ್ಮಥಪ್ಪನವರ ಸೊಸೆ. ಗಂಡ ಸತ್ತು ಕಾಶಿಬಾಯಿ ಭಾಲ್ಕಿಯಿಂದ ಬರಿಗೈಲಿ ಬಂದಾಗ, ಮನೆಯ ಹಿಂದಿನ ಕೋಣೆ ಕೊಟ್ಟು, ಈ ಕೆಲಸವನ್ನೂ ಕೊಡಿಸಿದವರು ಇದೇ ಮನ್ಮಥಪ್ಪ.

ರೂಪಾಳಿಗೆ ಬಿಳಿಸೆರಗು, ವಾಸನೆ, ಉರಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನೂ ಕಾಣಲಿಲ್ಲ. ಡಾಕ್ಟರಿಗೆ ಸಮಾಧಾನವಾಗದೆ ಕಲ್ಚರ್ ಮಾಡಿಸಿದರು. ಹತ್ತಿಯ ಕಡ್ಡಿಗೆ ಹತ್ತಿದ ಸ್ರಾವವನ್ನು ಪೋಷಕ ದ್ರವದ ಕೊಳವೆಗೆ ಹಾಕಿ, ಮೈಬಿಸಿಯಷ್ಟೇ ಬೆಚ್ಚಗಿಟ್ಟು, ದಿನಾ ಒಂದು ಹನಿ ತೆಗೆದು ನೋಡುವ ಪರೀಕ್ಷೆ. ನಾಲ್ಕೇ ನಾಲ್ಕು ಜೀವಿ ಇದ್ದರೂ ಅಲ್ಲಿ ಬೆಳೆದು ಕಣ್ಣಿಗೆ ಬೀಳುತ್ತವೆ. ಬಿದ್ದವು. ಟ್ರೈಕೊಮೊನಾಸ್ ಎಂಬ ಪರೋಪಜೀವಿ.

ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: “ಇದು ಗಂಡ ಹೆಂಡತಿ ಕೂಡುವುದರಿಂದ ದಾಟುತ್ತದೆ. ಯಾರಿಂದ ಯಾರಿಗೆ ಎಂದು ಪರೀಕ್ಷೆ ಹೇಳುವುದಿಲ್ಲ. ಗಂಡನಿಗೆ ಏನೂ ತ್ರಾಸು ಇಲ್ಲದಿದ್ದರೂ ಅವನೂ ಗುಳಿಗೆ ನುಂಗಬೇಕು. ಅಲ್ಲಿವರೆಗೆ ದೂರ ಇರಬೇಕು. ಇಲ್ಲದಿದ್ದರೆ ಮತ್ತೆ ಬರುತ್ತದೆ.”

ಗಂಡ ಎಂದರೆ ಮನ್ಮಥಪ್ಪನವರ ಮಗ ಶಿವಲಿಂಗ. ದ್ರಾಕ್ಷಿ ಸೀಸನ್ನಿನಲ್ಲಿ ತಿಂಗಳುಗಟ್ಟಲೆ ನಾಶಿಕದ ನಿಫಾಡ್‌ನಲ್ಲೇ ಬೀಡುಬಿಟ್ಟು ಹಣ್ಣು ಕೊಳ್ಳುವವನು. ಉಂಡ ಮನೆಗೆ ಎರಡು ಬಗೆಯುವುದೇ? ಡಾಕ್ಟರು ಯಾರನ್ನೂ ದೂರಿರಲಿಲ್ಲ, ಕಾಶಿಬಾಯಿಗೆ ಮಾತ್ರ ಅದು ದೂರಾಗಿಯೇ ಕೇಳಿಸಿತು.

“ಹೊಟ್ಟ್ಯಾಗ ಹುಳ ಆಗತಾವಲ್ಲ, ಹಂಗ ಸಣ್ಣ ಹುಳ ಆಗ್ಯಾವಂತ. ನೀ ಗುಳಗಿ ತಗೋ, ಕಮ್ಮಿ ಆಗತದ” ಎಂದಳು. ಗಂಡನ ಮಾತನ್ನು ನುಂಗಿಬಿಟ್ಟಳು. ಶಿವಲಿಂಗನಿಗೆ ತಾನೇ ಗುಟ್ಟಾಗಿ ಹೇಳಿದರಾಯಿತು ಅಂದುಕೊಂಡಳು. ಎದುರಿಗೆ ಸಿಕ್ಕಾಗಲೆಲ್ಲ “ಊಟ ಆತೇನಪಾ?” ಎಂದು ಕೇಳಿ ಸುಮ್ಮನಾದಳು.

ಮಳೆಗಾಲದಲ್ಲಿ ಮತ್ತೆ ಶುರುವಾಯಿತು. ನಮ್ಮ ಲಿಂಗವಂತರಲ್ಲಿ ಸೂತಕ ಇಲ್ಲ ಎಂದು ಬಂದವರಿಗೆಲ್ಲ ಹೇಳಿಕೊಳ್ಳುವ ಮನೆ ಅದು. ಅದೇ ಮನೆಯಲ್ಲಿ ಅತ್ತೆ ಸೊಸೆಗೆ ಬೇರೆ ತಾಟು, ಬೇರೆ ಚಾಪೆ ಮಾಡಿದರು. ಎಂಥ ತತ್ವವೋ ಏನೋ! ರೂಪಾ ತನ್ನ ಮೈಯೇ ಹೊಲಸು ಎಂದು ನಂಬಿ, ಡೆಟಾಲ್ ಸುರಿದುಕೊಂಡು ಚರ್ಮ ಸುಟ್ಟುಕೊಂಡಳು. “ತವರಿಗಿ ಹೋಗು, ಸ್ವಚ್ಛ ಆದಮ್ಯಾಲ ಬಾ” ಅಂತ ಅತ್ತೆ ಹೇಳಿದ್ದು ಹಿಂದಿನ ಕೋಣೆಗೂ ಕೇಳಿಸಿತು. ಆ ಹುಡುಗಿಯನ್ನು ಸುಡುತ್ತಿರುವುದು ತನ್ನ ನಾಲಿಗೆ ಎಂದು ಕಾಶಿಬಾಯಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಎರಡನೇ ಕಲ್ಚರ್‌ನಲ್ಲೂ ಅದೇ ಜೀವಿ. ಡಾಕ್ಟರು ಕೇಳಿದರು: “ಗಂಡ ಗುಳಿಗೆ ತೆಗೆದುಕೊಂಡನಾ?”

ರೂಪಾ ಎಂದಿನಂತೆ ಮೌಶಿಯ ಮುಖ ನೋಡಿದಳು. ಆ ನಂಬಿಕೆಯ ನೋಟವನ್ನು ಕಾಶಿಬಾಯಿಗೆ ತಡೆದುಕೊಳ್ಳಲಾಗಲಿಲ್ಲ. ಡಾಕ್ಟರು ಹಿಂದೆ ಹೇಳಿದ್ದನ್ನೂ ಈಗ ಕೇಳಿದ್ದನ್ನೂ ಪೂರಾ ಹೇಳಿದಳು. ಕೊನೆಗೆ, “ಹೋದ ಸಲಾನೂ ಇದನ್ನ ಹೇಳಿದ್ರವ್ವಾ. ನಾನs ನಿನಗ ಹೇಳಲಿಲ್ಲ” ಎಂದಳು.

ರೂಪಾ ಕೇಳಿದಳು: “ಹಂಗಾದ್ರ ನಾ ಹೊಲಸ ಇದ್ದಿಲ್ಲೇನ್ರಿ ಮೌಶಿ?”

ಏನು ಹೇಳುತ್ತಿದ್ದಾಳೆ ಎಂದು ಡಾಕ್ಟರು ಕೇಳಿದರು. ಕಾಶಿಬಾಯಿ ಮರಾಠಿಯಲ್ಲಿ ಹೇಳಲು ಹೋಗಿ ಅತ್ತುಬಿಟ್ಟಳು.

ಅಂದೇ ಸಂಜೆ ಮನ್ಮಥಪ್ಪನವರ ಪಡಸಾಲೆಯಲ್ಲಿ ನಿಂತು, ಅಪ್ಪ ಮಗ ಅತ್ತೆ ಎಲ್ಲರ ಎದುರಿಗೆ ಮತ್ತೆ ಅದನ್ನೇ ಹೇಳಿದಳು. ಶಿವಲಿಂಗ ತಲೆ ತಗ್ಗಿಸಿದ. ಮನ್ಮಥಪ್ಪ, “ಮನಿ ಮಗಳಂತ ಇಟ್ಟಕೊಂಡಿದ್ವಿ. ನಮಗs ಹೇಳಬೇಕಾಗಿತ್ತಲ್ಲ” ಎಂದಷ್ಟೇ ಅಂದರು. ಕೋಣೆ ಬಿಡು ಎಂದಿದ್ದರೆ ಕಾಶಿಬಾಯಿಗೆ ಹಗುರಾಗುತ್ತಿತ್ತೇನೋ. ಯಾರೂ ಹಾಗೆ ಅನ್ನಲಿಲ್ಲ.

ಗಂಡ ಹೆಂಡತಿ ಇಬ್ಬರೂ ಗುಳಿಗೆ ನುಂಗಿದರು. ದೀಪಾವಳಿ ಮುಗಿದ ಮೇಲೆ ಮತ್ತೊಮ್ಮೆ ಮಾಡಿಸಿದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಫಲಿತಾಂಶ ಕೇಳಲು ರೂಪಾ ಬಂದಾಗ ಕಾಶಿಬಾಯಿ ರೂಢಿಯಂತೆ ಮುಂದೆ ಹೋಗಿ ಬಾಗಿಲು ತೆರೆದಳು.

“ನೀವು ಹೊರಗ ಕೂಡ್ರಿ ಮೌಶಿ,” ಎಂದಳು ರೂಪಾ. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನs ಮಾತಾಡತೀನಿ.”

ಬಾಗಿಲು ಮುಚ್ಚಿತು. ಒಳಗಿನಿಂದ ರೂಪಾಳ ಹರಕು ಮುರುಕು ಮರಾಠಿ ಕೇಳಿಸುತ್ತಿತ್ತು. ಒಂದು ಪದ ಸಿಗದೆ ಆಕೆ ತಡವರಿಸಿದಾಗ, ಆ ಪದ ಕಾಶಿಬಾಯಿಯ ನಾಲಿಗೆಯ ತುದಿಗೆ ಬಂತು. ಏಳಲು ಹೋದವಳು ಮತ್ತೆ ಬೆಂಚಿನ ಮೇಲೆ ಕುಳಿತಳು.