ಶಂಕ್ರಪ್ಪನ ದಾರದ ನಾಲ್ಕು ಬಳೆ

ಬನವಾಸಿಯ ಶಂಕ್ರಪ್ಪ ಹೆಂಗಸರ ಮುಖ ನೋಡುತ್ತಿರಲಿಲ್ಲ, ಮಣಿಕಟ್ಟು ನೋಡುತ್ತಿದ್ದ. ಬಳೆಯ ಮಲಾರವನ್ನು ಹೆಗಲಿಗೇರಿಸಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳನ್ನು ವರ್ಷಕ್ಕೆ ಮೂರು ಸುತ್ತು ಹಾಕುವ ಬಳೆಗಾರ ಅವನು. ಹೆಬ್ಬೆರಳಿನ ಬುಡ ಅದುಮಿ ಅವನು ಬಳೆ ಏರಿಸಿದರೆ ಕೈಗೂ ನೋವಿಲ್ಲ, ಬಳೆಗೂ ಇಲ್ಲ. ಓದು ಬರಹ ಬಾರದು. ಆದರೆ ಕೈಯ ಅಳತೆ ಹೇಳಿದರೆ ಸಾಕು, ಅದು ಯಾರ ಮನೆಯದು, ಆ ಮನೆಯ ನಾಯಿಯ ಬಣ್ಣ ಯಾವುದು ಎಂಬುದನ್ನೆಲ್ಲ ಹೇಳುತ್ತಿದ್ದ.

ಕಮಲಾಕರ ರಾಯರು ಬೇರೆ ಜಾತಿಯ ಜ್ಞಾನಿಗಳು. ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿದ ಸುದ್ದಿಯನ್ನು ಅವರ ಬಾಯಲ್ಲಿ ಕೇಳಿದರೆ, ಜಿಲ್ಲೆಯನ್ನು ಅವರೇ ಎತ್ತಿನ ಗಾಡಿಗೆ ಹೇರಿ ತಂದಂತೆ ಇರುತ್ತಿತ್ತು.

ಚೀನಾ ಯುದ್ಧದ ಮರುವರ್ಷ, ಅರವತ್ತಮೂರರಲ್ಲಿ, ಮೂರೂ ತಾಲೂಕಿನ ಮಡಿದ ಸೈನಿಕರಿಗಾಗಿ ಶಿರಸಿಯಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಸಮಿತಿಯಾಯಿತು. ರಾಯರು ಅಧ್ಯಕ್ಷರು. ನಾನೂ ಸೇರಿ ಆರು ಜನ ಸದಸ್ಯರು. ನಮ್ಮ ಕೆಲಸ ಹೂಂಗುಟ್ಟುವುದು. ಯಾದಿಯಲ್ಲಿ ಮಡಿದವರ ಹೆಸರು ಎರಡು. ಕಲ್ಲಿನ ನಕ್ಷೆ ಬಂದಾಗ ನೋಡಿದರೆ, ಸತ್ತವರು ಮೇಲೆ ಎರಡು ಸಾಲಿನಲ್ಲಿ ಮುಗಿದಿದ್ದರು. ಬದುಕಿದ್ದ ನಾವು ಕೆಳಗೆ ಒಂಬತ್ತು ಸಾಲು ಹಿಡಿದಿದ್ದೆವು. ರಾಯರ ಹುದ್ದೆಗಳಿಗೇ ಎರಡು ಸಾಲು ಹೆಚ್ಚು ಬೇಕಾಗಿತ್ತು.

ರಾಯರ ಜಗಲಿಯ ಮೇಲೆ ಸಭೆ. ಜಗಲಿಯ ಇನ್ನೊಂದು ತುದಿಯಲ್ಲಿ ಅವರ ಹೆಂಡತಿ ಗೌರಕ್ಕ ಶಂಕ್ರಪ್ಪನಿಂದ ಬಳೆ ಇಡಿಸಿಕೊಳ್ಳುತ್ತಿದ್ದರು. ರಾಯರು ಎರಡು ಹೆಸರನ್ನು ಗಂಟಲು ಸರಿಪಡಿಸಿಕೊಂಡು ಓದಿದರು.

“ಬಾಕಿ ನಾಕು ಮಂದಿ ಎಲ್ಲಿ ಹೋದ್ರು ರಾಯರ?” ಎಂದ ಶಂಕ್ರಪ್ಪ, ತಲೆ ಎತ್ತದೆ.

“ಎಂತ ನಾಕು ಮಂದಿ?”

“ಐವತ್ತೇಳರಿಂದ ಈಚೆಗೆ ಪಲ್ಟನ್ನಿನಾಗ ಹೋದವ್ರು. ಕಿರವತ್ತಿ ನಾಗಿ ಗಂಡ ಚೌಡ ಇದ್ದನಲ್ರಿ, ಅಂವ ಮೊದಲ್ನೇದಾಂವ.”

“ಆ ವರ್ಷ ಯುದ್ಧವೇ ಇರಲಿಲ್ಲ ಮಾರಾಯ. ಇಲ್ಲದ ಯುದ್ಧದಲ್ಲಿ ಸಾಯುವುದು ಹೇಗೆ? ಫಾರ್ಮಿನಲ್ಲಿ ಯಾವ ಯುದ್ಧ ಅಂತ ಒಂದು ಕಲಮು ಉಂಟು. ಅಲ್ಲಿ ನಿನ್ನ ಹೆಸರು ಬರೀಲಾ?”

“ಕಲಮು ನನಗ ತಿಳಿಯೂದಿಲ್ರಿ. ಕೈ ತಿಳೀತಾವ.”

ಗೌರಕ್ಕ ಗಂಡನ ಕಡೆ ತಿರುಗಿದರು. “ನೀವು ಒಂದು ಗಳಿಗೆ ಅಧ್ಯಕ್ಷರಾಗದೆ ಕೂತ್ಕಳಿ. ನೀ ಹೇಳು ಶಂಕ್ರಪ್ಪ.”

ಶಂಕ್ರಪ್ಪ ಹೇಳಿದ್ದು ಇಷ್ಟು. ಚೌಡನ ಕಾಗದಗಳ ಮೇಲೆ ಊರಿನ ಹೆಸರಿರುತ್ತಿರಲಿಲ್ಲ, ಪಲ್ಟನ್ನಿನ ಅಂಚೆಯ ನಂಬರು ಮಾತ್ರ. ರಜೆಗೆ ಬಂದಿದ್ದ ಇನ್ನೊಬ್ಬ ಸಿಪಾಯಿ ಗುಟ್ಟಾಗಿ ಹೇಳಿದ್ದರಿಂದ, ಅವನ ಪಲ್ಟನ್ನು ದೂರದ ನಾಗಾ ಗುಡ್ಡಗಳಲ್ಲಿದೆ ಎಂದು ಗೊತ್ತಾಗಿತ್ತು. ಅಲ್ಲಿ ಗುಂಡು ಹಾರುತ್ತಿತ್ತು, ಆದರೆ ಅದನ್ನು ಯುದ್ಧವೆಂದು ಯಾರೂ ಕರೆದಿರಲಿಲ್ಲ. ಐವತ್ತೇಳರ ನಾಗರ ಪಂಚಮಿಯ ಹಿಂದಿನ ದಿನ ಶಂಕ್ರಪ್ಪ ಕಿರವತ್ತಿಗೆ ಹೋಗಿ ನಾಗಿಗೆ ಹಸಿರು ಬಳೆ ಇಡಿಸಿದ. ಅವಳು ಪದ್ಧತಿಯಂತೆ ಬಗ್ಗಿ ನಮಸ್ಕರಿಸಿದಳು. ಇವನೂ ಪದ್ಧತಿಯಂತೆ, ಮುತ್ತೈದೆಯಾಗಿ ನೂರು ವರ್ಷ ಬಾಳು ಎಂದ. ಮೂರು ದಿನಕ್ಕೆ ತಂತಿ ಬಂತು. ಅದರಲ್ಲಿದ್ದ ತಾರೀಖು ಎಣಿಸಿದರೆ, ಇವನು ಹಾಗೆ ಹರಸಿದ ಹೊತ್ತಿಗೆ ಚೌಡ ಸತ್ತು ಹದಿನೆಂಟು ದಿನವಾಗಿತ್ತು.

“ವಿಧವಿ ಕೈಗೆ ಬಳಿ ಇಡಿಸಿದೆ ನಾನು. ನಮ್ಮ ಮನಿತನದಾಗ ಯಾರೂ ಮಾಡದ ಕೆಲಸ.”

ತಂತಿಯಲ್ಲಿ ಸತ್ತ ಜಾಗದ ಹೆಸರಿರಲಿಲ್ಲ. ಊರಿಗೆ ಅಷ್ಟು ಸಾಕಾಯಿತು. ಯುದ್ಧವಿಲ್ಲದೆ ಸಿಪಾಯಿ ಸಾಯುವುದುಂಟೇ, ಪಲ್ಟನ್ನು ಬಿಟ್ಟು ಓಡಿಹೋಗಿರಬೇಕು ಎಂದರು. ನೆರೆಮನೆಯ ದೇವಕ್ಕನಂತೂ ಬಾವಿಕಟ್ಟೆಯಲ್ಲಿ, “ಬಳೆ ಯಾಕೆ ಒಡ್ಕಂಡ್ಯೇ ನಾಗಿ? ನಿನ್ನ ಗಂಡ ಅಲ್ಲಿ ಇನ್ನೊಬ್ಬಳಿಗೆ ಬಳೆ ಇಡಿಸ್ತಾ ಇದಾನೆ” ಎಂದಿದ್ದಳು. ಆರು ವರ್ಷದಿಂದ ನಾಗಿ ಆ ಮಾತಿನ ನಡುವೆ ನೀರು ಸೇದುತ್ತಿದ್ದಳು.

ಅಂದಿನಿಂದ ಶಂಕ್ರಪ್ಪ ಸಿಪಾಯಿಗಳ ಮನೆಯಲ್ಲಿ ಮಲಾರ ಬಿಚ್ಚುವ ಮೊದಲು, “ಕಾಗದ ಯಾವಾಗ ಬಂದಿತ್ತವ್ವಾ?” ಎಂದು ಕೇಳಲು ಶುರುಮಾಡಿದ. ಹಾಗೆ ಕೇಳುತ್ತ ಹೋದಂತೆ ಇಂಥದೇ ತಂತಿ ಬಂದ ಇನ್ನೂ ಮೂರು ಮನೆ ಸಿಕ್ಕವು. ಪ್ರತಿ ಮನೆಯ ಕೈಯ ಅಳತೆಯದೊಂದು ಬಳೆಯನ್ನು, ಮಾರದೆ, ದಾರಕ್ಕೆ ಕಟ್ಟಿಕೊಂಡ. ಈಗ ಆ ದಾರವನ್ನು ಸೊಂಟದಿಂದ ಬಿಚ್ಚಿ ರಾಯರ ಫೈಲಿನ ಮೇಲೆ ಇಟ್ಟ.

“ಇದು ನನ್ನ ಯಾದಿ ನೋಡ್ರಿ. ಎರಡೂಕಾಲು, ಕಿರವತ್ತಿ ನಾಗಿ. ಗಂಡ ಆಷಾಢದ ಕಡ್ಲಿಗಡಬು ಹುಣ್ಣಿಮಿ ಮರುದಿನ ಹೋದ. ಎರಡೂವರಿ, ಚಂದಗುಳಿ ವೆಂಕಮ್ಮ. ಮಗ ಮಾದೇವ. ಮಗ ಹೋದಮ್ಯಾಲೆ ಆಕಿ ಬಳಿಗೆ ಕೈ ಚಾಚಿಲ್ಲ.” ಮತ್ತಿಘಟ್ಟದ ಬೀರ, ಸಿದ್ದಾಪುರದ ಕಡೆಯ ಬೈರ, ಎಲ್ಲರದೂ ತಿಥಿ ಸಮೇತ ಹೇಳಿದ.

ರಾಯರು ಬಳೆಗಳನ್ನು ಬೆರಳಿನಿಂದ ಸರಿಸಿದರು. “ಇದರ ಮೇಲೆ ಸರ್ಕಾರಿ ಮೊಹರು ಉಂಟಾ?”

ಅವರೇ ತನಿಖೆಗೆ ಹೊರಟರು. ಚೀಲದಲ್ಲಿ ಐವತ್ತೇಳರಿಂದ ಈಚಿನ ಎಲ್ಲ ಪಂಚಾಂಗಗಳು; ಶಂಕ್ರಪ್ಪನ ಸುಳ್ಳನ್ನು ತಿಥಿಯಲ್ಲೇ ಹಿಡಿಯುವ ಹುಮ್ಮಸ್ಸು. ಚೀಲ ಹೊರಲು ನಾನು, ದಾರಿ ತೋರಿಸಲು ಶಂಕ್ರಪ್ಪ. ಮೂರು ದಿನ ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಕಾಲ್ನಡಿಗೆಯಲ್ಲಿ ನಾಲ್ಕು ಮನೆ ತಿರುಗಿದೆವು. ಪ್ರತಿ ಮನೆಯಲ್ಲೂ ತಗಡಿನ ಪೆಟ್ಟಿಗೆಯಿಂದ ಒಂದು ತಂತಿ ಹೊರಬಂತು. ನಾಲ್ಕರಲ್ಲೂ ಇಂಗ್ಲಿಷಿನಲ್ಲಿ ಒಂದೇ ಮಾತು: ಕರ್ತವ್ಯದಲ್ಲಿದ್ದಾಗ ಮರಣ. ರಾಯರು ತಾರೀಖು ಓದುವರು, ಪಂಚಾಂಗ ತಿರುವುವರು, ಅದನ್ನು ಮತ್ತೆ ಚೀಲಕ್ಕೆ ಹಾಕುವರು. ಒಂದು ದಿನದ ವ್ಯತ್ಯಾಸವೂ ಇರಲಿಲ್ಲ.

ಕೊನೆಯದು ಕಿರವತ್ತಿಯ ನಾಗಿಯ ಮನೆ. ಶಂಕ್ರಪ್ಪ ಅಂಗಳದಲ್ಲೇ ನಿಂತುಬಿಟ್ಟ. “ಅವತ್ತು ನನ್ನ ಬಾಯಿಂದ ಸುಳ್ಳು ಬಂತು ತಂಗಿ” ಎಂದ.

ನಾಗಿ ಅವನಿಗೆ ಮಣೆ ಹಾಕಿದಳು. “ಕೂತ್ಕಳಿ ಬಳೆಗಾರಣ್ಣ. ಅವರು ಸತ್ತ ದಿನಾನೇ ಸುದ್ದಿ ಬಂದಿದ್ರೆ ನಂಗೆ ಆ ಪಂಚಮಿ ಇರ್ತಿರ್ಲಿಲ್ಲ. ಮೂರು ದಿನ ಗಂಡನ ಹೆಸರಲ್ಲಿ ಬಳೆ ಗಲಗಲ ಅನ್ಸಿಕಂಡು ಓಡಾಡಿದ್ನಲ್ಲ. ಅದು ನೀವು ಕೊಟ್ಟಿದ್ದು.”

ರಾಯರು ಕೊಡೆಯ ಹಿಡಿಯನ್ನು ಬಹಳ ಹೊತ್ತು ಪರೀಕ್ಷಿಸಿದರು. ಮರಳುವಾಗ ಬಸ್ಸಿನಲ್ಲಿ, “ಮೂವತ್ತೈದು ವರ್ಷ ದಫ್ತರ ನೋಡಿದೆ. ಇಂಥ ದಫ್ತರ ನೋಡಲಿಲ್ಲ” ಎಂದು, ನಕ್ಷೆ ತೆಗೆದು, ಪೆನ್ಸಿಲಿನಿಂದ ತಮ್ಮ ಹುದ್ದೆಗಳನ್ನು ಹೊಡೆದರು. ಆಮೇಲೆ ತಮ್ಮ ಹೆಸರನ್ನು. ಆಮೇಲೆ ನಮ್ಮ ಆರು ಜನರದನ್ನೂ. ಕಲ್ಲಿನಲ್ಲಿ ಹೆಸರು ಬರುತ್ತದೆಂದು ನಾನು ಆಗಲೇ ಮಾವನ ಮನೆಗೆ ಕಾಗದ ಬರೆದಾಗಿತ್ತು.

ಯಾವ ಯುದ್ಧ ಎಂಬುದನ್ನು ಕೆತ್ತಲಿಲ್ಲ. ಆರು ಹೆಸರು, ಆರು ಊರು, ಅಷ್ಟೆ.

ಕಲ್ಲು ನಿಲ್ಲಿಸಿದ ದಿನ ಕಿರವತ್ತಿಯಿಂದ ಒಂದು ಲಾರಿ ತುಂಬ ಜನ ಬಂದಿದ್ದರು, ದೇವಕ್ಕನೂ ಇದ್ದಳು. ನಾಗಿ ಕಲ್ಲಿನ ಮುಂದೆ ನಿಂತು, “ಯಾವುದಣ್ಣಾ ಅವರದ್ದು?” ಎಂದು ಶಂಕ್ರಪ್ಪನನ್ನು ಕೇಳಿದಳು. ಅವನಿಗೂ ಅಕ್ಷರ ಬಾರದು. ಇಬ್ಬರೂ ರಾಯರ ಕಡೆ ನೋಡಿದರು. ರಾಯರು ಭಾಷಣದ ಕಾಗದವನ್ನು ಜೇಬಿಗೆ ತುರುಕಿ, ಚಪ್ಪಲಿ ಕಳಚಿ, ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು.

“ಚೌಡ, ಕಿರವತ್ತಿ.”

“ಇನ್ನೊಂದ್ ಸಲ ಓದಿ ಒಡೆಯಾ. ಹಿಂದಿದ್ದವರಿಗೂ ಕೇಳ್ಲಿ.”

ರಾಯರು ದನಿ ಏರಿಸಿ ಓದಿದರು. ನಾಗಿ ಮತ್ತೆ ಎಂದಳು, ರಾಯರು ಮತ್ತೆ ಓದಿದರು. ದೇವಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಐದನೆಯ ಸಲ ಓದಿದ ಮೇಲೆ ನಾಗಿ, ಸಾಕು ಎಂದು ಕೈ ಮಾಡಿದಳು.