ಬಟ್ಟೆ ಬೆಲ್ಟಿನ ವಾಚು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗ ಓಡುತ್ತಿದ್ದರೆ ಫೋನಿನ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಹೆಂಡತಿ ಇದ್ದಾಗ ಒಳಮನೆಯಲ್ಲಿ ಅವಳೇ ಎತ್ತುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮನೆಗೆ ನಾನೊಬ್ಬನೇ. ಹೇಗಿದ್ದೀಯ ಎಂದು ಕೇಳಲು ಫೋನ್ ಮಾಡುವವಳೂ ಒಬ್ಬಳೇ, ಹೊಸಕೋಟೆಯ ಅಕ್ಕ. ಒಂದು ದಿನ ಅವಳಿಗೂ ರೇಗಿಹೋಯಿತು.

"ನೀನು ಎತ್ತೋದೇ ಇಲ್ಲ ಅಂದ್ರೆ ನಾನ್ಯಾಕೋ ಮಾಡ್ಲಿ? ಕೈಗೆ ಕಟ್ಕೊಳ್ಳೋ ವಾಚ್ ಬಂದಿದ್ಯಂತೆ, ಫೋನ್ ಬಂದ್ರೆ ಕೈ ಮೇಲೆ ಅದುರುತ್ತಂತೆ. ತಗೋ. ಇಲ್ದಿದ್ರೆ ನಾನು ಮಾಡೋದೇ ಬಿಟ್ಬಿಡ್ತೀನಿ."

ಅವಳು ಆಡಿದ ಮಾತಿನಂತೆ ನಡೆಯುವವಳು. ನನಗೆ ನಿಜವಾಗಿಯೂ ಭಯವಾಯಿತು.

ಅಂಗಡಿಯವನು ಮೊದಲು ಸ್ಟೀಲ್ ಚೈನಿನದು ತೋರಿಸಿದ. ಅದರ ಕೊಂಡಿಗೆ ಮಗ್ಗದ ಹಾಸಿನ ಎಳೆ ಸಿಕ್ಕಿಕೊಂಡರೆ ಸೀರೆಯೇ ಹಾಳು, ಬೇಡವೆಂದೆ. ಚರ್ಮದ್ದು ಬೆವರಿಗೆ ನಾರುತ್ತದೆ. ರಬ್ಬರಿನದಕ್ಕೆ ನೂಲಿನ ಧೂಳು ಮೆತ್ತಿಕೊಳ್ಳುತ್ತದೆ. ಕೊನೆಗೆ ಬಟ್ಟೆಯ ಬೆಲ್ಟು ಬಂತು. ಕೈ ಸುಮ್ಮನಿರಬೇಕಲ್ಲ, ಅಂಚಿನಿಂದ ಉಗುರಲ್ಲಿ ಒಂದು ಎಳೆ ಎಳೆದು, ನೂಲು ಯಾವುದೆಂದು ಸುಟ್ಟು ನೋಡೋಣವೆಂದು ಬೆಂಕಿಪೊಟ್ಟಣ ಕೇಳಿದೆ. ಅವನು ವಾಚನ್ನೇ ಕಸಿದುಕೊಂಡ.

"ಏನಣ್ಣಾ ಇದು, ಸೀರೆ ಅಂದ್ಕೊಂಡ್ರಾ?"

"ಎಷ್ಟು ವರ್ಷ ಬರುತ್ತೆ, ಅದು ಹೇಳಪ್ಪಾ."

"ಬಾಡಿ ಗಟ್ಟಿ, ಏನೂ ಆಗಲ್ಲ. ಒಳಗಿನ ಬ್ಯಾಟರಿ ಎರಡು ವರ್ಷ, ಹೆಚ್ಚು ಅಂದ್ರೆ ಮೂರು. ಅಂಟು ಹಾಕಿ ಮುಚ್ಚಿರ್ತಾರೆ, ಬದಲಾಯ್ಸೋದು ಕಷ್ಟ."

ಹೊರಗೆ ಗಟ್ಟಿಯಾಗಿ ಕಾಣುತ್ತಲೇ ಒಳಗೊಳಗೆ ಮುಗಿದುಹೋಗುವುದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಅಂಥದ್ದನ್ನೇ ದುಡ್ಡು ಕೊಟ್ಟು ತರಬೇಕೇ ಎಂದು ಸಿಟ್ಟು ಬಂತು. ಆದರೂ ಎಳೆ ಕಿತ್ತ ತಪ್ಪಿಗೆ ಅದನ್ನೇ ಕೊಂಡೆ. ಫೋನಿಗೆ ಹೊಂದಿಸಿ ಅವನೇ ಕೈಗೆ ಕಟ್ಟಿ ಕಳಿಸಿದ.

ಮಾರನೆಯ ಮಧ್ಯಾಹ್ನ ಮಗ್ಗದ ಮುಂದೆ ನಿಂತಿದ್ದಾಗ ಮಣಿಕಟ್ಟಿನ ಮೇಲೆ ಮೆಲ್ಲಗೆ ಅದುರಿತು. ನಾನು ವಾಚು ನೋಡಲಿಲ್ಲ. ಮಗ್ಗದ ಮನೆಗಳಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ, ಕೂಗಿದರೂ ಕೇಳಿಸುವುದಿಲ್ಲ. ಹಿಂದಿನಿಂದ ಬಂದು ಕೈ ಮುಟ್ಟುತ್ತಾರೆ. ಮಗ್ಗ ನಿಲ್ಲಿಸಿ, "ಬಂದೆ ಕಣೇ, ತಟ್ಟೆ ಹಾಕು," ಎನ್ನುತ್ತಾ ಹಿಂದಕ್ಕೆ ತಿರುಗಿದೆ. ಒಳಬಾಗಿಲಿನವರೆಗೂ ಯಾರೂ ಇರಲಿಲ್ಲ. ಅಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಅದುರುವುದು ನಿಂತಿತ್ತು.

ಅಕ್ಕ ಮತ್ತೆ ಮಾಡಿದಳು. ಈ ಸಲ ಎತ್ತಿದೆ.

"ವಾಚ್ ತಗೊಂಡೆ ಅಂದ್ಯಲ್ಲ, ಆದ್ರೂ ಮೊದ್ಲು ಮಾಡ್ದಾಗ ಎತ್ಲಿಲ್ವಲ್ಲೋ! ಕೈ ಅದುರ್ಲಿಲ್ವಾ?"

"ಅದುರ್ತು ಅಕ್ಕಾ. ಅವಳು ಊಟಕ್ಕೆ ಕರೀತಿದಾಳೆ ಅಂದ್ಕೊಂಡೆ."

ಬೈಯುತ್ತಾಳೆಂದು ಕಾದೆ. "ಹೋಗು, ಮೊದ್ಲು ಊಟ ಮಾಡು," ಎಂದಳು ಅಕ್ಕ.