ದೂರದಕ್ಕನ ಚೀಟಿಗಳು

ವಿಶ್ವವಿದ್ಯಾಲಯದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಬಾಟಲಿ ಅಕ್ಕ ಅಂತಲೇ ಕರೆಯುತ್ತಿದ್ದರು. ಹೊಸತರಲ್ಲಿ ಮುಖ ಗಂಟಿಕ್ಕುತ್ತಿದ್ದಳು. ಬರಬರುತ್ತ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡಲು ಅವಳಿಗೇ ಒಂದು ಗಳಿಗೆ ಬೇಕಾಗುತ್ತಿತ್ತು.

ನದಿ ದಡದ ಐದು ಊರಿನ ಕಾಲೇಜುಗಳಿಂದ ತಿಂಗಳಿಗೊಮ್ಮೆ ನೀರು ಬರುತ್ತಿತ್ತು. ಅದನ್ನು ಸೋಸಿ, ಸಣ್ಣ ಬಾಟಲಿಗಳಿಗೆ ತುಂಬಿ, ಲೇಬಲ್ ಬರೆದು ಅಂಟಿಸಿ, ಐಸ್ ಪೊಟ್ಟಣಗಳ ನಡುವೆ ಮಲಗಿಸಿ ಸಮುದ್ರದಾಚೆಯ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಕಳಿಸುವುದು ಅವಳ ಕೆಲಸ. ನೀರಿನಲ್ಲಿ ಸಾಸಿವೆ ಕಾಳಿನ ನೆರಳಿನಷ್ಟು ವಿಷವಿದ್ದರೂ ಹಿಡಿಯುವ ಯಂತ್ರ ಇದ್ದದ್ದು ಅಲ್ಲಿ. ಎರಡೂ ಕಡೆಯ ಕುಲಪತಿಗಳು ಒಪ್ಪಂದಕ್ಕೆ ಸಹಿ ಹಾಕಿ, ಕೈ ಕುಲುಕಿ, ಶಾಲು ಹೊದ್ದುಕೊಂಡು ಹೋಗಿದ್ದರು. ಆದರೆ ಮೊದಲ ವರ್ಷವೇ ಒಪ್ಪಂದ ಮುರಿದು ಬೀಳುವುದರಲ್ಲಿತ್ತು. ಪೆಟ್ಟಿಗೆ ತಲುಪುವಷ್ಟರಲ್ಲಿ ಐಸ್ ಕರಗಿ ನೀರು ಕೆಟ್ಟಿರುತ್ತಿತ್ತು. ಇಲ್ಲಿನ ಪ್ರೊಫೆಸರು ಅಲ್ಲಿನವರನ್ನು ದೂರಿದರು, ಅಲ್ಲಿನವರು ಇಲ್ಲಿನವರನ್ನು.

ಅಷ್ಟರಲ್ಲಿ ವಾಪಸ್ ಬಂದ ಖಾಲಿ ಪೆಟ್ಟಿಗೆಯೊಂದರ ತಳದಲ್ಲಿ ಚೀಟಿ ಸಿಕ್ಕಿತು. ಅಲ್ಲಿ ಪೆಟ್ಟಿಗೆ ಬಿಚ್ಚುವವಳು ಬರೆದದ್ದು. 'ಬಾಟಲಿ ಕಂಠಪೂರ್ತಿ ತುಂಬಬೇಡಿ, ಹೆಪ್ಪುಗಟ್ಟಿದಾಗ ಬಿರಿಯುತ್ತದೆ. ಸೋಮವಾರವೇ ಕಳಿಸಿ, ವಾರದ ಕೊನೆಗೆ ಬಂದರೆ ಇಲ್ಲಿ ಬಾಗಿಲು ತೆಗೆಯುವವರಿಲ್ಲ.' ಕೆಳಗೆ ಇನ್ನೊಂದು ಸಾಲು: 'ನಿಮ್ಮ ಅಕ್ಷರ ಚೆನ್ನಾಗಿದೆ.'

ಆ ಸಾಲನ್ನು ಅವಳು ನಾಲ್ಕು ಸಲ ಓದಿದಳು. ಮುಂದಿನ ಪೆಟ್ಟಿಗೆ ಸೋಮವಾರ ಹೊರಟಿತು. ನೀರು ಕೆಡಲಿಲ್ಲ. ಐದೂ ಕಾಲೇಜಿಗೆ ಫೋನು ಮಾಡಿ, ನೀರು ಕೆಡದಂತೆ ತುಂಬಿ ಕಳಿಸುವುದನ್ನೂ ಹೇಳಿಕೊಟ್ಟಳು. ಪ್ರೊಫೆಸರುಗಳ ಜಗಳ ತಾನಾಗಿ ತಣ್ಣಗಾಯಿತು.

ಹನ್ನೊಂದು ವರ್ಷ ಚೀಟಿಗಳು ಹೋದವು, ಬಂದವು. ಇಬ್ಬರದೂ ಕುಂಟು ಇಂಗ್ಲಿಷು. ಆ ಕಡೆಯವಳ ಮೊಣಕಾಲು ನೋವು, ತಂಗಿಯ ಮದುವೆ, ಮೇಜಿನೆದುರಿನ ಕಿಟಕಿಯಿಂದ ಹಡಗು ಕಾಣುವುದು, ಎಲ್ಲ ಇವಳಿಗೆ ಗೊತ್ತಾಯಿತು. ಇವಳ ಮನೆಯಲ್ಲಿ ಆಕೆಗೆ ದೂರದಕ್ಕ ಅಂತ ಹೆಸರೂ ಬಿತ್ತು. ಮುಖ ಮಾತ್ರ ಗೊತ್ತಿಲ್ಲ.

ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದ ಗಂಡ ಛೇಡಿಸುತ್ತಿದ್ದ. "ನನಗೆ ಒಂದು ಕಾಗದನೂ ಬರೆದಿಲ್ವಲ್ಲೇ ನೀನು."

"ನೀವೂ ಸಮುದ್ರ ದಾಟಿ ಕೂತ್ಕೊಳ್ಳಿ, ಬರೀತೀನಿ."

ವರ್ಷಕ್ಕೊಮ್ಮೆ ಪ್ರೊಫೆಸರು ಅಲ್ಲಿಗೆ ಹೋಗಿ ಬರುತ್ತಿದ್ದರು. ಪ್ರತಿ ಸಲವೂ ಅವಳು ಕೇಳುತ್ತಿದ್ದಳು. "ಸರ್, ಅಲ್ಲಿ ಪೆಟ್ಟಿಗೆ ಬಿಚ್ತಾರಲ್ಲ, ಅವರನ್ನ ನೋಡಿದ್ರಾ?"

"ಯಾರಮ್ಮ ಅದು?" ಅನ್ನುವರು ಪ್ರೊಫೆಸರು. ಅವಳು ಬಾಟಲಿ ತೊಳೆಯಲು ಹೋಗುವಳು.

ಒಪ್ಪಂದ ಹೊಸದು ಮಾಡುವ ವರ್ಷ ಆ ಕಡೆಯಿಂದ ಒಂದು ಸಾಲು ಸೇರಿ ಬಂತು: ಇನ್ನು ಮೇಲೆ ವರ್ಷಕ್ಕೊಬ್ಬ ಲ್ಯಾಬ್ ಸಿಬ್ಬಂದಿಯೂ ಹದಿನೈದು ದಿನ ಹೋಗಿ ಬರಬೇಕು. ಮೊದಲ ಹೆಸರು ಇವಳದು. ಪಾಸ್‌ಪೋರ್ಟು, ವೀಸಾ, ಮೇಲಿನವರ ಸಹಿ ಅಂತ ಎಂಟು ತಿಂಗಳು ಹಿಡಿಯಿತು.

ಕೊನೆಗೆ ಸಮುದ್ರ ದಾಟಿ ಅಲ್ಲಿಗೆ ಮುಟ್ಟಿದಾಗ, ಲ್ಯಾಬಿನ ಕಿಟಕಿಯೆದುರಿನ ಮೇಜಿನ ಹಿಂದೆ ಗಡ್ಡ ನರೆತ ಗಂಡಸೊಬ್ಬ ಕೂತಿದ್ದ. ಪೆಟ್ಟಿಗೆ ಬಿಚ್ಚುವವರು ಎಲ್ಲಿ ಅಂತ ಕೇಳಿದಳು.

"ಅವರು ರಿಟೈರಾಗಿ ಮೂರು ತಿಂಗಳಾಯ್ತು," ಅಂದ ಅವನು. "ಅಣ್ಣನ ಊರಿಗೆ ಹೋದ್ರು. ಇಲ್ಲಿಂದ ಎರಡು ದಿನದ ದಾರಿ. ನಿಮಗೆ ಬರೀಲಿಲ್ಲ, ಬರೆದ್ರೆ ನೀವು ಹೊರಡೋದೇ ಇಲ್ಲ ಅಂದ್ರು. ಒಪ್ಪಂದದಲ್ಲಿ ಆ ಸಾಲು ಹಾಕ್ಸಿದ್ದು ಅವರೇ. ಎರಡು ವರ್ಷ ಎಲ್ಲರ ಬೆನ್ನು ಹತ್ತಿದ್ರು."

ಕಿಟಕಿಯಾಚೆ ನಿಜಕ್ಕೂ ಹಡಗುಗಳಿದ್ದವು. ಅವಳು ಹದಿನೈದು ದಿನ ಅದೇ ಮೇಜಿನಲ್ಲಿ ಯಂತ್ರದ ಕೆಲಸ ಕಲಿತಳು. ಕೊನೆಯ ದಿನ ಅವನಿಂದ ದೂರದಕ್ಕನ ನಂಬರು ಇಸಕೊಂಡು ಫೋನು ಮಾಡಿದಳು. ಕಾಗದದ ಮೇಲೆ ಕುಂಟುತ್ತಲಾದರೂ ಸಾಗುತ್ತಿದ್ದ ಇಂಗ್ಲಿಷು ಬಾಯಲ್ಲಿ ತಡವರಿಸಿತು.

"ನಾನು..."

"ಗೊತ್ತಾಯ್ತು," ಅಂದಳು ದೂರದಕ್ಕ. "ಮುಂದಿನ ವರ್ಷ ಬರ್ತೀರಾ?"

"ಮುಂದಿನ ವರ್ಷದಿಂದ ಕಾಲೇಜುಗಳ ಸರದಿ. ಐದಿವೆ."

"ಅವರಿಗೂ ನೀವೇ ಕಲಿಸಿದ್ದಲ್ವಾ? ಒಳ್ಳೇದಾಯ್ತು," ಅಂದಳು ಆ ಕಡೆಯವಳು. ದನಿ ಮಾತ್ರ ಕುಗ್ಗಿತ್ತು.

ಊರಿಗೆ ಬಂದ ದಿನ ಗಂಡ ಬ್ಯಾಗು ಎತ್ತಿಕೊಳ್ಳುತ್ತ ಕೇಳಿದ. "ಸಿಕ್ಕಿದ್ರಾ?"

"ಮಾತಾಡಿದೆ."

"ಹೇಗಿದ್ದಾರೆ?"

"ದನಿ ಸಣ್ಣದು ರೀ. ನಾನು ಗಟ್ಟಿ ದನಿಯೋರು ಅಂದ್ಕೊಂಡಿದ್ದೆ," ಅಂದಳು. ಅವನು ಅವಳ ಪಕ್ಕದಲ್ಲೇ ನಿಧಾನವಾಗಿ ಹೆಜ್ಜೆ ಹಾಕಿದ.